ಸುಮಂತನನ್ನು ಕೈಬಿಟ್ಟ ಕಾರಣ

ಗೆಳೆಯರೇ, ಇವತ್ತು ಬೆಳಿಗ್ಗೆ ಕೊಪ್ಪದ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹೊಸಬರ ಆಯ್ಕೆ ಇತ್ತು. ಬಂದವರಲ್ಲಿ ಮೇಗುಂದದ ಸುಮಂತನಷ್ಟು ವೇಗವಾಗಿ ಓಡುವವರು ಯಾರೂ ಇರಲಿಲ್ಲ. ಎರಡು ಗೋಲು ಹೊಡೆದ. ತರಬೇತುದಾರನಾದ ನಾನು ಮನಸ್ಸಿನಲ್ಲೇ ಅವನನ್ನು ತಂಡಕ್ಕೆ ಸೇರಿಸಿಕೊಂಡುಬಿಟ್ಟಿದ್ದೆ.

ಅಷ್ಟರಲ್ಲಿ ಎಡಗಡೆಯಿಂದ ಬಂದ ಚೆಂಡು ಅವನ ಕೆನ್ನೆಗೆ ಬಡಿಯಿತು. ಅವನು ಕೈಯನ್ನೂ ಎತ್ತಲಿಲ್ಲ. ಇನ್ನೊಮ್ಮೆಯೂ ಹಾಗೇ ಆಯಿತು. ಪಕ್ಕಕ್ಕೆ ಕರೆದು ಕೇಳಿದೆ.

"ಎಡಗಣ್ಣು ಕಾಣಲ್ಲ ಸಾರ್. ರಜೇಲಿ ಕೆಲ್ಸಕ್ಕೆ ಹೋದಾಗ ಹುಲ್ಲು ಹೊಡೆಯೋ ಮಿಷನ್ನಿಂದ ಕಲ್ಲು ಹಾರಿ ಬಡೀತು."

"ಇನ್ನೊಂದು ಕಣ್ಣಿಗೆ ಯಾರದ್ದಾದ್ರೂ ಬೂಟು ತಾಗಿದ್ರೆ ಎಂತ ಮಾಡ್ತೀಯ ಮಾರಾಯ? ನಿನ್ನ ತಗಳಕ್ಕೆ ಆಗಲ್ಲ."

ಅವನು ವಾದ ಮಾಡಲಿಲ್ಲ. ಬೂಟಿನ ಲೇಸು ಬಿಚ್ಚುತ್ತಾ ಹೇಳಿದ: "ನೋಟಿಸ್ ಬೋರ್ಡಿಗೆ ಹಾಕೋ ಪಟ್ಟೀಲಿ ಕಣ್ಣಿನ ವಿಷಯ ಬರೀಬೇಡಿ ಸಾರ್. ನಮ್ಮೂರಿನ ಹುಡುಗ್ರು ನೋಡಿ ಮನೇಲಿ ಹೇಳ್ತಾರೆ. ಸರಿ ಆಗ್ತದೆ ಅಂತ ಅಮ್ಮ ದಿನಾ ಕಣ್ಣಿಗೆ ಔಷಧಿ ಬಿಡ್ತಾಳೆ. ಇನ್ನು ಆಗಲ್ಲ ಅಂತ ಡಾಕ್ಟ್ರು ಹೇಳಿದ್ದು ಅವಳಿಗೆ ಗೊತ್ತಿಲ್ಲ."

ಕೈಬಿಟ್ಟವರ ಹೆಸರಿನ ಮುಂದೆ ಕಾರಣ ಬರೆಯಲೇಬೇಕೆಂಬುದು ನಮ್ಮ ಪ್ರಾಂಶುಪಾಲರ ನಿಯಮ. ಸುಮಂತನ ಹೆಸರಿನ ಮುಂದೆ "ವೇಗ ಸಾಲದು" ಎಂದು ಬರೆದು ಸಹಿ ಹಾಕಿದೆ.

ಮಧ್ಯಾಹ್ನ ನೋಟಿಸ್ ಬೋರ್ಡ್ ನೋಡಿದ ತಂಡದ ನಾಯಕ ಸಿಟ್ಟಿನಿಂದಲೇ ನನ್ನ ಕೋಣೆಗೆ ಬಂದ. "ಸುಮಂತಂಗೆ ವೇಗ ಸಾಲದಾ? ನಿಮಗೆ ಕಣ್ಣು ಕಾಣಲ್ವಾ ಸಾರ್?"

ಕನ್ನಡಕ ಬದಲಿಸಬೇಕು ಮಾರಾಯ ಎಂದು ಹೇಳಿ ಕಳಿಸಿದೆ.