ನಾಲ್ಕನೇ ಮೆಷಿನ್ನಿನ ಪತ್ರ

ಟೀಚರ್ ಬೆರಳುಗಳ ತುದಿ ಚಪ್ಪಟೆಯಾಗಿತ್ತು. ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿ ಕುಟ್ಟಿ ಚರ್ಮ ಗಟ್ಟಿಯಾಗಿ, ಕಾಫಿ ಲೋಟ ಎಷ್ಟು ಸುಡುತ್ತಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಹಲಸೂರಿನ ಮೆಟ್ರೋ ಕಂಬಗಳ ಪಕ್ಕದ ಗಲ್ಲಿಯಲ್ಲಿ, ಹೂವಿನಂಗಡಿಯ ಮಹಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟು. ಮುಂದೆ ಆರು ಮೆಷಿನ್ನು, ಹಿಂದಿನ ಎರಡು ಕೋಣೆಗಳಲ್ಲಿ ಮನೆ. ರಾಯಚೂರಿನ ಕಡೆಯಿಂದ ಅಪ್ಪ ಅಮ್ಮನ ಜೊತೆ ಬಂದು ಅದೇ ಗಲ್ಲಿಯಲ್ಲಿ ಬಾಡಿಗೆಗಿದ್ದ ನಾನು, ಸರ್ಕಾರಿ ಟೈಪಿಸ್ಟ್ ಆಗುವ ಆಸೆಯಿಂದ ಅಲ್ಲಿ ಸೇರಿದೆ.

ನನಗೆ ಸಿಕ್ಕಿದ್ದು ನಾಲ್ಕನೇ ಮೆಷಿನ್ನು. ನನ್ನ ಎಡಗೈ ಕಿರುಬೆರಳಿಗೆ ಬಲವಿಲ್ಲ. ಅದು ಒತ್ತಿದ ಅಕ್ಷರಗಳೆಲ್ಲ ಮಸುಕು. ಟೀಚರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏನೇ ರಾಯಚೂರು, ಈ ಬೆರಳಿಗೆ ಅನ್ನ ಹಾಕಲ್ವಾ?" ಎನ್ನುತ್ತಿದ್ದರು. ಹೆಸರಿಲ್ಲದ ಹತ್ತು ಹಾಳೆ ಕೊಟ್ಟರೂ ಯಾವುದು ಯಾರದೆಂದು ಹೇಳಿಬಿಡುತ್ತಿದ್ದರು. "ಸಹಿ ಕದೀಬಹುದು, ಬೆರಳು ಕದಿಯೋಕಾಗಲ್ಲ" ಎನ್ನುವುದು ಅವರ ಮಾತು.

ನಾನು ಸೇರಿದ ಐದನೇ ತಿಂಗಳಲ್ಲಿ ಅವರ ಒಬ್ಬನೇ ಮಗ ಪ್ರಾಣ ಕಳೆದುಕೊಂಡ. ತಾನಾಗಿಯೇ. ಪೊಲೀಸರು ಬಂದು ಮೊದಲು ಕೇಳಿದ್ದು, "ಚೀಟಿ ಏನಾದ್ರೂ ಬರೆದಿಟ್ಟಿದ್ದಾನಾ?" ಎಂದು. ಹಾಸಿಗೆ, ಅಕ್ಕಿ ಡಬ್ಬ, ಮೆಷಿನ್ನುಗಳ ಅಡಿ, ಎಲ್ಲ ಕಡೆ ಹುಡುಕಿದೆವು. ಟೈಪಿನ ಸದ್ದಿನಲ್ಲೇ ಬೆಳೆದ ಹುಡುಗ ತಾಯಿಗೆ ಒಂದು ಸಾಲನ್ನೂ ಬಿಟ್ಟುಹೋಗಿರಲಿಲ್ಲ.

ಬಿಟ್ಟುಹೋದದ್ದು ಒಂದು ಕಂಪ್ಯೂಟರು, ಅದರಲ್ಲಿ ಅವನು ಅರ್ಧ ಆಡಿ ನಿಲ್ಲಿಸಿದ್ದ ಒಂದು ಭೂತದ ಆಟ. ಬೆಟ್ಟದ ಮೇಲೊಂದು ಪಾಳು ಹಾಸ್ಟೆಲು. ಕಾಣೆಯಾದ ತಂಗಿಯನ್ನು ಹುಡುಕುತ್ತ ಅಕ್ಕನೊಬ್ಬಳು ಟಾರ್ಚು ಹಿಡಿದು ಕೋಣೆ ಕೋಣೆ ತಿರುಗುತ್ತಾಳೆ. ಹಿಂದಿನಿಂದ ಏನೋ ಕಾಲೆಳೆದುಕೊಂಡು ಬರುತ್ತಿರುತ್ತದೆ. ಹದಿನೈದನೇ ದಿನದ ಕಾರ್ಯ ಮುಗಿದ ಮೇಲೆ ಟೀಚರ್ ಆ ಆಟವನ್ನು ಮಗ ನಿಲ್ಲಿಸಿದ ಕಡೆಯಿಂದ ಆಡತೊಡಗಿದರು. ಮಧ್ಯಾಹ್ನ ಮೂರಕ್ಕೆ, ಎರಡು ಬ್ಯಾಚುಗಳ ನಡುವೆ, ಕಿಟಕಿ ತೆರೆದಿಟ್ಟುಕೊಂಡು. ಪಕ್ಕದಲ್ಲಿ ಕೂತ ನಾನು ಚೀರುತ್ತಿದ್ದೆ, ಅವರು ರೆಪ್ಪೆ ಬಡಿಯುತ್ತಿರಲಿಲ್ಲ.

ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ: "ಇರೋ ದುಃಖ ಸಾಲಂಗಿಲ್ಲೇನ್ರಿ ಟೀಚರ್? ಅಂಜಿಕಿ ಬ್ಯಾರೆ ಬೇಕಾ?"

"ಭೂತ ಹಾಳಾಗ್ಲಿ ಬಿಡೇ. ಅದು ಯಾಕೆ ಭೂತ ಆಯ್ತು ಅಂತ ಇಲ್ಲಿ ಯಾರಾದ್ರೂ ಬರೆದಿಟ್ಟಿರ್ತಾರೆ. ಪ್ರತಿ ಕೋಣೇಲೂ ಒಂದು ಕಾಗದ. ಸಿನಿಮಾದಲ್ಲಾದ್ರೆ ಬಾಗಿಲು ಬೇರೆಯೋರು ತೆಗೀತಾರೆ. ಇಲ್ಲಿ ಹೆದರ್ಕೊಂಡು ನಾನೇ ತೆಗೀಬೇಕು. ತೆಗೆದ್ರೆ ಸಿಕ್ಕೇ ಸಿಗುತ್ತೆ." ಆಟದ ಇನ್ನೊಂದು ಬಾಗಿಲು ತೆಗೆಯುತ್ತ ಹೇಳಿದರು: "ನಮ್ಮನೇಲಿರೋದು ಎರಡೇ ಕೋಣೆ. ಎಷ್ಟು ಸಲ ತೆಗೀಲಿ?"

ಆಟದಲ್ಲಿ ಸಿಕ್ಕ ಪ್ರತಿ ಪತ್ರವನ್ನೂ ಕಾರ್ಬನ್ ಇಟ್ಟು ಟೈಪು ಮಾಡಿ, ನಂಬರು ಹಾಕಿ, ಫೈಲಿಗೆ ಸೇರಿಸುತ್ತಿದ್ದರು. ಆಟ ಮುಗಿಯಿತು. ಮತ್ತೆ ಮೊದಲಿನಿಂದ ಶುರು ಮಾಡಿದರು. ಹಾಗೆಯೇ ಮೂರನೇ ಸಲ, ನಾಲ್ಕನೇ ಸಲ. ಒಂದೊಂದೇ ಬ್ಯಾಚು ಖಾಲಿಯಾಯಿತು. ಬೆಳಿಗ್ಗೆ ಮಾಡಿದ ಅನ್ನ ಸಂಜೆಗೂ ಹಾಗೇ ಇರುತ್ತಿತ್ತು. ಮಗನ ಹಿಂದೆಯೇ ಇವರೂ ಹೋಗಿಬಿಡುತ್ತಾರೆಂದು ನನಗೆ ದಿಗಿಲಾಯಿತು.

ಆಗ ನಾನೊಂದು ಭಂಡ ಧೈರ್ಯ ಮಾಡಿದೆ. ಅವನ ಕೈಬರಹ ನನಗೆ ಬರೆಯಲು ಬಾರದು, ಟೈಪು ಬರುತ್ತದಲ್ಲ! ಟೀಚರ್ ಮಾರುಕಟ್ಟೆಗೆ ಹೋದಾಗ ನಾಲ್ಕು ಸಾಲು ಕುಟ್ಟಿದೆ:

"ಅಮ್ಮ, ನನಗೆ ತುಂಬ ಸುಸ್ತಾಗಿತ್ತು.
ಯಾರ ಹತ್ತಿರವೂ ಹೇಳಿಕೊಳ್ಳಲು ಆಗಲಿಲ್ಲ.
ಇದರಲ್ಲಿ ನಿನ್ನ ತಪ್ಪೇನೂ ಇಲ್ಲ.
ಹೊತ್ತಿಗೆ ಸರಿಯಾಗಿ ಊಟ ಮಾಡು."

ಅದನ್ನು ಮಡಚಿ ಅವನ ಹಳೆಯ ಜ್ಯಾಮಿತಿ ಪೆಟ್ಟಿಗೆಯಲ್ಲಿಟ್ಟೆ. ಪೆಟ್ಟಿಗೆಯನ್ನು ಕಪಾಟಿನ ಹಿಂದೆ ಬೀಳಿಸಿ, ಮರುದಿನ ಗುಡಿಸುವಾಗ ಸಿಕ್ಕಿತೆಂದು ನಾನೇ ತಂದುಕೊಟ್ಟೆ.

ಟೀಚರ್ ಕಾಗದ ಬಿಚ್ಚಿದರು. ಓದಿದರು. ಅವರ ಮುಖ ಅರಳಿದ್ದನ್ನು ನಾನು ನೋಡಿದೆ, ಒಂದು ಕ್ಷಣ. ಆಮೇಲೆ ಅಭ್ಯಾಸಬಲದಿಂದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಮೆಟ್ರೋ ಒಂದು ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ, ನನ್ನ ಕಡೆ ನೋಡದೆ, "ನಾಲ್ಕನೇ ಮೆಷಿನ್ನು" ಎಂದರು. "ಕಿರುಬೆರಳಿಗೆ ಇನ್ನೂ ಬಲ ಬಂದಿಲ್ಲ."

ನಾನು ಅಳುತ್ತ ತೊದಲಿದೆ: "ಆಟದಾಗಿನ ಕಾಗದನೂ ಸುಳ್ಳೇ ಅಲ್ಲೇನ್ರಿ, ಟೀಚರ್..."

"ಅದು ಸುಳ್ಳು ಅಂತ ಗೊತ್ತಿದ್ದೇ ಓದ್ತಿದ್ದೆ ಕಣೇ. ಮನೇಲಿ ನಿಜವಾದದ್ದು ಎಲ್ಲೋ ಇರಬಹುದು ಅಂತಿತ್ತು. ನೀನು ನನ್ನ ಮನೇನೇ ಆಟ ಮಾಡ್ಬಿಟ್ಟೆ."

ಅವರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಅಂದೇ ಕಂಪ್ಯೂಟರಿಗೆ ಟೈಪ್‌ರೈಟರಿನ ಕಪ್ಪು ಹೊದಿಕೆ ಹಾಕಿದರು, ಮತ್ತೆ ತೆಗೆಯಲಿಲ್ಲ. ಮರುದಿನ ನಾನು ಮುಖ ತಪ್ಪಿಸಿ ಗಲ್ಲಿ ದಾಟುತ್ತಿದ್ದರೆ ಮೇಲಿನಿಂದ, "ರಾಯಚೂರು, ಕ್ಲಾಸ್ ಇಲ್ವಾ?" ಎಂದು ಕೂಗಿದರು. ಆವತ್ತಿನಿಂದ ದಿನಾ ಅರ್ಧ ಗಂಟೆ ಹೆಚ್ಚಿಗೆ, ಬರೀ ಕಿರುಬೆರಳಿನ ಅಭ್ಯಾಸ. ನನ್ನ ಬೆರಳ ಮೇಲೆ ಅವರ ಚಪ್ಪಟೆ ಬೆರಳಿಟ್ಟು ಒತ್ತುತ್ತಿದ್ದರು. ಆ ಪತ್ರದ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ನಾನು ಪರೀಕ್ಷೆ ಪಾಸು ಮಾಡಿದೆ, ಕೆಲಸವೂ ಸಿಕ್ಕಿತು. ಇಂದು ನಾನು ಉಣ್ಣುವ ಅನ್ನ ಆ ಬೆರಳಿನದು.

ಕಳೆದ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಅವರ ಅಕ್ಕನ ಮಗಳು ನನ್ನನ್ನು ಕರೆಸಿ, "ರಾಯಚೂರಿಗೆ" ಎಂದು ಬರೆದಿದ್ದ ಫೈಲೊಂದನ್ನು ಕೊಟ್ಟರು. ಆಟದ ಪತ್ರಗಳೆಲ್ಲ ನಂಬರಿನ ಪ್ರಕಾರ ಇದ್ದವು. ಕೊನೆಗೆ ನನ್ನ ಮಸುಕು ಕಾಗದ. ಅದರ ಹಿಂದೆ ಅದೇ ಪತ್ರದ ಇನ್ನೊಂದು ಪ್ರತಿ, ಟೀಚರ್ ತಾವೇ ಟೈಪು ಮಾಡಿದ್ದು. ಒಂದಕ್ಷರವೂ ಮಸುಕಿಲ್ಲ. ಮಡಿಕೆಗಳಲ್ಲಿ ಹಾಳೆ ಹರಿಯುವಷ್ಟು ಸಲ ಅದನ್ನು ಬಿಚ್ಚಿ ಓದಿದ್ದರು.

ಸುಸ್ತಾಗಿತ್ತು ಎನ್ನುವ ಸಾಲಿತ್ತು. ಹೇಳಿಕೊಳ್ಳಲು ಆಗಲಿಲ್ಲ ಎನ್ನುವುದಿತ್ತು. ಊಟ ಮಾಡು ಎನ್ನುವುದೂ ಇತ್ತು. ಮೂರನೇ ಸಾಲನ್ನು ಮಾತ್ರ ಟೀಚರ್ ಟೈಪು ಮಾಡಿರಲಿಲ್ಲ. ಅದರ ಜಾಗವನ್ನು ಹಾಗೆಯೇ ಖಾಲಿ ಬಿಟ್ಟಿದ್ದರು.