ಎಲ್ಲಾರೂ ಒಪ್ಪಬೇಕ್ರಿ

ಆ ಭಾನುವಾರ ನಾಸಿಕ್ ರೋಡ್ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ನಾವು ಮೂವರಿದ್ದೆವು: ನಾನು, ಬೀದರಿನ ಟೀಚರಮ್ಮ, ಮತ್ತು ಓಝರ್ ವಿಮಾನ ಕಾರ್ಖಾನೆಯಲ್ಲಿದ್ದ ಕಲಬುರಗಿಯ ಇಂಜಿನಿಯರು. ಅಂತರ್ಜಾಲದ ನಮ್ಮ ಉಚಿತ ಪುಸ್ತಕ ಭಂಡಾರಕ್ಕೆ ಸರ್ಕಾರಿ ಕೃಷಿ ಪುಸ್ತಿಕೆಗಳನ್ನು ವರ್ಷಗಟ್ಟಲೆ ಟೈಪ್ ಮಾಡಿ ಏರಿಸಿದವರು ಈ ಇಂಜಿನಿಯರೇ. ಈಗ ಅಂಥವನ್ನು ಯಾರೂ ನಕಲು ಮಾಡಬಾರದೆಂಬ ನಿಯಮದ ಕರಡು ಬಂದಿತ್ತು. ಆಕ್ಷೇಪಣೆ ಕಳಿಸಲು ಅಂದು ಸಂಜೆ ಐದರವರೆಗೆ ಮಾತ್ರ ಅವಕಾಶ.

ಪತ್ರ ತಯಾರಿತ್ತು. ಆದರೆ ಒಂದು ಅಲ್ಪವಿರಾಮ ಬದಲಾದರೂ ಭಂಡಾರ ನಡೆಸುವ ನಮ್ಮ ಗುಂಪಿನವರನ್ನೆಲ್ಲ ಮತ್ತೆ ಕೇಳುವುದು ಇಂಜಿನಿಯರ ರೂಢಿ. ಸಿಲ್ಲೋಡಿನ ಗೆಳೆಯನೊಬ್ಬನ ಒಪ್ಪಿಗೆ ಬಾಕಿಯಿತ್ತು. ಅವನ ಫೋನು ಹತ್ತುತ್ತಿರಲಿಲ್ಲ.

"ಕಳಿಸಿಬಿಡ್ರಿ ಸರ, ಅವ ಏನ್ ಬ್ಯಾಡ ಅಂತಾನೇನು?" ಎಂದರು ಟೀಚರಮ್ಮ.

ಇಂಜಿನಿಯರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಎಲ್ಲಾರೂ ಒಪ್ಪಬೇಕ್ರಿ. ಯಾರ್ನೂ ಕೇಳದs ನಿಯಮ ಮಾಡ್ತಾರಂತ ಸರ್ಕಾರಕ್ಕ ಬೈಯೋರು ನಾವs ಅಲ್ಲೇನು?"

"ಮನ್ಯಾಗ ಉಪ್ಪಿಟ್ಟಿಗೂ ಹಿಂಗ ವೋಟ್ ಹಾಕಿಸ್ತೀರೇನ್ರಿ?" ಎಂದು ಟೀಚರಮ್ಮ ಕೇಳಿದರು.

ಇಂಜಿನಿಯರು ನಕ್ಕರು, ಕಳಿಸಲಿಲ್ಲ. ಐದಾಯಿತು.

ಸಿಲ್ಲೋಡಿನ ಒಪ್ಪಿಗೆ ಮರುದಿನ ಬಂತು. ಕೆಲವು ತಿಂಗಳ ನಂತರ ನಿಯಮ ಕರಡಿನಲ್ಲಿದ್ದಂತೆಯೇ ಜಾರಿಯಾಯಿತು. ಪುಸ್ತಿಕೆಗಳನ್ನು ಭಂಡಾರದಿಂದ ಯಾರು ತೆಗೆಯಬೇಕೆಂದು ಮಾತು ಬಂದಾಗ, "ಏರಿಸಿದಾವ ನಾನು, ನಾನs ತೆಗೀತೀನಿ" ಎಂದರು ಇಂಜಿನಿಯರು. ಕಾರ್ಖಾನೆಗೆ ರಜೆ ಹಾಕಿ ಕುಳಿತು, ಒಂದೊಂದಾಗಿ ಅಳಿಸಿದರು.