ಕಪ್ಪಾದ ನಾಲ್ಕು ಮೂಲೆ

ಪುರಸೈವಾಕ್ಕಂನ ಛತ್ರದಲ್ಲಿ ತಂಗಿಯ ಮದುವೆ. ಕ್ಯಾಮ್‌ಕಾರ್ಡರ್ ನನ್ನ ಕೈಯಲ್ಲಿತ್ತು. ದೂರದ ಮಂಟಪ ಹತ್ತಿರ ಕಾಣಲೆಂದು ಅದರ ಮೂತಿಗೆ ಉದ್ದನೆಯ ಝೂಮ್ ಲೆನ್ಸ್ ತಿರುಗಿಸಿ ಕೂರಿಸಿದ್ದೆ. ಇಡೀ ಛತ್ರವನ್ನು ತೆಗೆಯುವಾಗ ಅದನ್ನು ಬಿಚ್ಚಬೇಕೆಂದು ಗೊತ್ತಿರಲಿಲ್ಲ. ಲೆನ್ಸಿನ ಅಂಚು ಅಡ್ಡ ಬಂದು ಚಿತ್ರದ ನಾಲ್ಕು ಮೂಲೆಗಳೂ ಕಪ್ಪಾದವು.

ಧಾರೆಗೆ ಮುನ್ನ ಚಿಕ್ಕಪ್ಪ ನನ್ನ ವಿಧವೆ ತಾಯಿಗೆ, "ಅತ್ತಿಗೆ, ನೀವು ಓರಮಾ, ಆ ಮೂಲೇಲಿ ನಿಂತ್ಕೊಳಿ, ಶುಭಕಾರ್ಯ" ಎಂದಿದ್ದರು. ಹೆತ್ತವಳು ಮೂಲೆಯ ಕಂಬದ ಪಕ್ಕ ನಿಂತಳು. ಧಾರೆ ಎರೆದದ್ದು ಚಿಕ್ಕಪ್ಪ, ಚಿಕ್ಕಮ್ಮ.

ವಾರದ ನಂತರ ಎಲ್ಲರೂ ಕೂತು ಕ್ಯಾಸೆಟ್ ನೋಡಿದೆವು. ಚಿಕ್ಕಪ್ಪ ರೇಗಿದರು: "ಅತ್ತಿಗೇನೇ ಎಲ್ಲೂ ಕಾಣಲ್ವಲ್ಲೋ! ಕ್ಯಾಮೆರಾ ಹಿಡಿಯಕ್ಕೂ ಬರಲ್ವಾ ನಿಂಗೆ?"

ತಪ್ಪು ಲೆನ್ಸಿನದೆಂದು ನಾನೂ ಒಪ್ಪಿಕೊಂಡೆ. ಅಂದು ರೆಕಾರ್ಡಿಂಗ್ ಶುರು ಮಾಡುವ ಮುನ್ನ, ಅಮ್ಮ ಮೂಲೆಗೆ ನಡೆದು ಹೋದದ್ದನ್ನು ಅದೇ ಲೆನ್ಸಿನಲ್ಲಿ ನೋಡಿಯೂ ನಾನು ಬಾಯಿ ಬಿಟ್ಟಿರಲಿಲ್ಲ.